ಕಾಣದ ಬೆಳಕಿಗೆ ಮಣಿಯುವ ವೈರಸ್

ಕೆಲವು ದಿನಗಳ ಹಿಂದೆ ಎಂಟನೇ ತರಗತಿಯ ಹುಡುಗನೊಬ್ಬ ಕೆಂಪು ಕಣ್ಣು ಮಾಡಿಕೊಂಡು ಶಾಲೆಗೆ ಬಂದ. ಮರಳು ಎರಚಿದ ಹಾಗೆ ರಾತ್ರಿಯೆಲ್ಲ ಕಣ್ಣು ಉರಿಯಿತಂತೆ. ವಿಚಾರಿಸಿದಾಗ ವಿಷಯ ತಿಳಿಯಿತು. 2020ರಲ್ಲಿ, ಕೊರೊನಾ ಕಾಲದಲ್ಲಿ ಮನೆಗೆ ತಂದಿದ್ದ ಯುವಿ ದೀಪವನ್ನು ಅಟ್ಟದಿಂದ ಇಳಿಸಿ, ಶೀತವಾಗಿದ್ದ ತಂಗಿಯ ಪುಸ್ತಕಗಳ ಮೇಲೆ ಹಿಡಿದಿದ್ದ. ನೀಲಿ ಬೆಳಕು ಚೆನ್ನಾಗಿ ಕಂಡಿತೆಂದು ದೀಪವನ್ನೇ ನೋಡುತ್ತ ಕುಳಿತಿದ್ದ. “ವೈರಸ್ ಸಾಯುತ್ತೆ ಅಂತ ಡಬ್ಬಿ ಮೇಲೆ ಬರೆದಿತ್ತು ಸಾರ್” ಎಂದ. ವೈದ್ಯರ ಔಷಧಿಯಿಂದ ಎರಡು ದಿನದಲ್ಲಿ ಕಣ್ಣು ವಾಸಿಯಾಯಿತು. ಡಬ್ಬಿಯ ಮೇಲಿನ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಉಳಿದರ್ಧವನ್ನು ಈ ವಾರ ನೋಡೋಣ.

ಪಟ್ಟಕದ ಮೂಲಕ ಹಾಯ್ದ ಬಿಸಿಲು ಏಳು ಬಣ್ಣವಾಗುವುದನ್ನು ನೀವು ನೋಡಿದ್ದೀರಿ. ನೇರಳೆಯ ಆಚೆಗೂ ಕಣ್ಣಿಗೆ ಕಾಣದ ಕಿರಣಗಳಿವೆ ಎಂದು 1801ರಲ್ಲಿ ಕಂಡುಹಿಡಿದವರು ಜರ್ಮನಿಯ ರಿಟ್ಟರ್. ಅವೇ ನೇರಳಾತೀತ ಕಿರಣಗಳು. ಇವುಗಳಲ್ಲಿ ಎ, ಬಿ, ಸಿ ಎಂದು ಮೂರು ಬಗೆ. ರೋಗಾಣುಗಳಿಗೆ ಹೆಚ್ಚು ಮಾರಕವಾದದ್ದು 280 ನ್ಯಾನೊಮೀಟರಿಗಿಂತ ಕಡಿಮೆ ತರಂಗದೂರದ ಸಿ. ಸೂರ್ಯನಿಂದ ಬರುವ ಸಿ ಕಿರಣವನ್ನು ವಾಯುಮಂಡಲದ ಆಮ್ಲಜನಕ ಮತ್ತು ಓಝೋನ್ ತಡೆದುಬಿಡುತ್ತವೆ. ಬಿ ಕಿರಣ ಸ್ವಲ್ಪ ನೆಲ ಮುಟ್ಟುತ್ತದೆ. ನಿಧಾನವಾಗಿಯಾದರೂ ಅದೂ ರೋಗಾಣುಗಳನ್ನು ಕೆಡಿಸುತ್ತದೆ.

ಹಾಗಾಗಿ ಸಿ ಕಿರಣಕ್ಕೆ ದೀಪವೇ ಬೇಕು. ಪಾದರಸದ ಆವಿಯಲ್ಲಿ ವಿದ್ಯುತ್ ಹರಿಸಿದರೆ ಸುಮಾರು 254 ನ್ಯಾನೊಮೀಟರಿನ ಕಿರಣ ಹೊಮ್ಮುತ್ತದೆ. ಹಳೆಯ ಟ್ಯೂಬ್‌ಲೈಟಿನೊಳಗೆ ನಡೆಯುವುದೂ ಇದೇ. ಅಲ್ಲಿ ಒಳಗೆ ಬಳಿದ ಬಿಳಿ ಪುಡಿ ಆ ಕಿರಣವನ್ನು ಕಾಣುವ ಬೆಳಕಾಗಿ ಮಾರ್ಪಡಿಸುತ್ತದೆ, ಗಾಜು ಉಳಿದದ್ದನ್ನು ತಡೆಯುತ್ತದೆ. ಯುವಿ ದೀಪದಲ್ಲಿ ಪುಡಿಯೂ ಇಲ್ಲ, ಸಾಧಾರಣ ಗಾಜೂ ಇಲ್ಲ.

ವೈರಸ್ ಎಂದರೆ ಪ್ರೋಟೀನಿನ ಹೊದಿಕೆಯೊಳಗೆ ಸುತ್ತಿಟ್ಟ ಡಿಎನ್‌ಎ ಅಥವಾ ಆರ್‌ಎನ್‌ಎ. ಸಿ ಕಿರಣ ಬಿದ್ದಾಗ ಅದರ ಸರಪಳಿಯಲ್ಲಿ ಅಕ್ಕಪಕ್ಕದ ಎರಡು ಘಟಕಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಮ್ಮ ಶಾಲಾ ಚೀಲದ ಜಿಪ್‌ನಲ್ಲಿ ಎರಡು ಹಲ್ಲು ಅಂಟಿದರೆ ಏನಾಗುತ್ತದೆ? ಎಳೆದರೂ ಮುಂದೆ ಹೋಗದು. ಹಾಗೆಯೇ ಈ ವೈರಸ್ ಜೀವಕೋಶವನ್ನು ಹೊಕ್ಕರೂ ತನ್ನ ಪ್ರತಿ ಮಾಡಿಸಿಕೊಳ್ಳಲಾರದು. ಆದ್ದರಿಂದಲೇ ವಿಜ್ಞಾನಿಗಳು ‘ಸತ್ತಿತು’ ಎನ್ನದೆ ‘ನಿಷ್ಕ್ರಿಯವಾಯಿತು’ ಎನ್ನುತ್ತಾರೆ.

ಇದನ್ನು ಶಾಲೆಯಲ್ಲೇ ಪರೀಕ್ಷಿಸಿದವರಿದ್ದಾರೆ. ಅಮೆರಿಕದ ಫಿಲಡೆಲ್ಫಿಯಾ ಸುತ್ತಿನ ಶಾಲೆಗಳಲ್ಲಿ ವಿಲಿಯಂ ವೆಲ್ಸ್ ಮತ್ತು ಮಿಲ್‌ಡ್ರೆಡ್ ವೆಲ್ಸ್ ದಂಪತಿ ಕೊಠಡಿಯ ಮೇಲ್ಭಾಗದಲ್ಲಿ ಇಂಥ ದೀಪಗಳನ್ನು ಹಾಕಿಸಿದರು. ಕಿರಣ ಮಕ್ಕಳ ಮೇಲೆ ಬೀಳದು; ಮೇಲೇರಿದ ಗಾಳಿಗೆ ಮಾತ್ರ ತಾಗುವುದು. 1941ರಲ್ಲಿ ಆ ಊರಿನಲ್ಲಿ ದಡಾರ ಹಬ್ಬಿದಾಗ, ದೀಪವಿದ್ದ ತರಗತಿಗಳಲ್ಲಿ ಕಾಯಿಲೆ ಬಿದ್ದ ಮಕ್ಕಳು ಬಹಳ ಕಡಿಮೆ. ಆದರೆ ಮುಂದೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಅಷ್ಟು ಫಲ ಸಿಗಲಿಲ್ಲ. ತರಗತಿಯಲ್ಲಿ ದೀಪವಿತ್ತು, ಮಕ್ಕಳು ಒತ್ತಾಗಿ ಕುಳಿತು ಬರುತ್ತಿದ್ದ ಶಾಲಾ ಬಸ್ಸಿನಲ್ಲಿ ಇರಲಿಲ್ಲ! 1963ರಲ್ಲಿ ದಡಾರಕ್ಕೆ ಲಸಿಕೆ ಬಂತು. ಅದು ಮಗುವಿನ ಜೊತೆಗೇ ಎಲ್ಲೆಡೆ ಹೋಗುತ್ತದೆ.

ಬಿದ್ದ ಕಡೆ ಮಾತ್ರ ಕೆಲಸ ಮಾಡುವುದು ಈ ಬೆಳಕಿನ ಸ್ವಭಾವ. ಪುಸ್ತಕದ ರಟ್ಟಿನ ಮೇಲೆ ಹಿಡಿದರೆ ಒಳಗಿನ ಹಾಳೆಗೆ ತಲುಪದು. ನೀರಿನ ಯಂತ್ರದಲ್ಲಿಯೂ ಅಷ್ಟೆ: ನೀರು ಕದಡಿದ್ದರೆ ಮಣ್ಣಿನ ಕಣದ ನೆರಳಿನಲ್ಲಿ ರೋಗಾಣು ಉಳಿದುಬಿಡುತ್ತದೆ. ಅದಕ್ಕೇ ಮೊದಲು ಸೋಸುವುದು, ಆಮೇಲೆ ದೀಪ. ಸೋಸುವ ಭಾಗ ಕಟ್ಟಿಕೊಂಡಿದ್ದರೆ ನೀಲಿ ಬೆಳಕು ಕಂಡಿತೆಂದು ಸಮಾಧಾನಪಡಬೇಡಿ. ಆ ನೀಲಿ ಬರಿಯ ಗುರುತು. ಕೆಲಸ ಮಾಡುವ ಕಿರಣ ಕಣ್ಣಿಗೆ ಕಾಣದು.

ಪೋಷಕರಿಗೆ ಒಂದು ಮಾತು. ವೈರಸ್ಸಿನ ಡಿಎನ್‌ಎ ಕೆಡಿಸುವ ಕಿರಣ ನಮ್ಮ ಚರ್ಮ, ಕಣ್ಣಿನ ಜೀವಕೋಶಗಳನ್ನು ಬಿಟ್ಟೀತೆ? ಯುವಿ ದೀಪದಿಂದ ಕೈ ಶುದ್ಧ ಮಾಡಿಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಎಚ್ಚರಿಸಿತ್ತು. ಕೈಗೆ ಸಾಬೂನು, ನೀರು ಸಾಕು. ಅಂಥ ದೀಪ ಮನೆಯಲ್ಲಿದ್ದರೆ ಮಕ್ಕಳ ಕೈಗೆ ಸಿಗದಂತೆ ಇಡಿ.

ಮಕ್ಕಳೇ, ಯೋಚಿಸಿ: ಹಾಸಿಗೆಯನ್ನು ಅಂಗಳದ ಬಿಸಿಲಿಗೆ ಹಾಕುವುದಕ್ಕೂ ಮುಚ್ಚಿದ ಗಾಜಿನ ಕಿಟಕಿಯ ಒಳಗೆ ಬಿಸಿಲಿಗೆ ಹಾಕುವುದಕ್ಕೂ ವ್ಯತ್ಯಾಸವೇನು? ಉತ್ತರ ಮುಂದಿನ ವಾರ.