ಚಿತ್ರ ಬಂತು, ಧ್ವನಿ ಎಲ್ಲಿ ಹೋಯಿತು?

ಕಳೆದ ರಾಜ್ಯೋತ್ಸವದಂದು ನಡೆದ ಒಂದು ಪ್ರಸಂಗವನ್ನು ವಾಚಕರಲ್ಲಿ ಕೆಲವರಾದರೂ ಮರೆತಿರಲಾರರು. ಸಭಾಂಗಣದಲ್ಲಿ ಮಕ್ಕಳ ಕೋಲಾಟ ನಡೆದಿತ್ತು. ಊಟದ ಮನೆಯಲ್ಲಿದ್ದವರಿಗೂ ಕಾಣಲೆಂದು ಅಲ್ಲೊಂದು ಪರದೆ ಕಟ್ಟಿದ್ದರು. ಚಿತ್ರವೇನೋ ಕೋಲಾಟದ್ದೇ ಬಂತು. ಧ್ವನಿ ಮಾತ್ರ ಯಾರೋ ತೆರೆದಿಟ್ಟಿದ್ದ ಲ್ಯಾಪ್‌ಟಾಪಿನ ಗುಜರಾತಿ ಜಾಹೀರಾತಿನದು! ಎಲ್ಲರೂ ನಕ್ಕರು. ನನ್ನ ಪಕ್ಕದಲ್ಲಿದ್ದ ಅಜ್ಜಿ ಮಾತ್ರ, "ಮೊಮ್ಮಗಳು ಹಾಡಿದ್ದು ಕೇಳಲೇ ಇಲ್ಲವಲ್ಲಪ್ಪ" ಎಂದು ನೊಂದುಕೊಂಡರು.

ತಂತಿ ಕಡಿದಿರಲಿಲ್ಲ, ಯಂತ್ರ ಕೆಟ್ಟಿರಲಿಲ್ಲ. ದಾರಿ ತೋರಿಸುವುದರಲ್ಲಿ ತಪ್ಪಾಗಿತ್ತು, ಅಷ್ಟೆ. ಆ ದಾರಿಯ ವಿಚಾರವನ್ನೇ ಈ ಸಲ ನೋಡೋಣ.

ದೂರದರ್ಶನ ಕೇಂದ್ರಗಳಲ್ಲಿ ಕ್ಯಾಮೆರಾಗಳು, ಮುದ್ರಿತ ಕಾರ್ಯಕ್ರಮಗಳು, ಹೊರಗಿನಿಂದ ಬರುವ ಸಂಕೇತಗಳು, ಇವೆಲ್ಲ ಮೂಲಗಳು. ಪರದೆ, ಧ್ವನಿವರ್ಧಕ, ಪ್ರಸಾರಯಂತ್ರ, ಇವು ಗುರಿಗಳು. ಎರಡನ್ನೂ ಕೂಡಿಸುವ ಪೆಟ್ಟಿಗೆಗೆ ರೂಟರ್ ಎಂದು ಹೆಸರು. (ಮನೆಯ ಇಂಟರ್ನೆಟ್ಟಿನ ರೂಟರೇ ಬೇರೆ.) ಸೂರತ್ತಿನ ನಮ್ಮವರಿಗೆ ಮಗ್ಗದ ಉಪಮಾನ ಸಾಕು. ಮೂಲಗಳು ಹಾಸು, ಗುರಿಗಳು ಹೊಕ್ಕು. ಹಾಸಿನ 16 ಎಳೆಗಳನ್ನು ಹೊಕ್ಕಿನ 16 ಎಳೆಗಳು ಹಾಯ್ದರೆ 256 ಸಂಧಿಗಳಾಗುವುವಷ್ಟೆ. ಯಾವ ಸಂಧಿಯನ್ನು ಕೂಡಿಸುತ್ತೇವೆಯೋ ಅಲ್ಲಿ ದಾರಿ ತೆರೆಯುತ್ತದೆ. ಒಂದು ಮೂಲ ಹಲವು ಗುರಿಗಳಿಗೆ ಹೋಗಬಹುದು. ಆದರೆ ಒಂದು ಗುರಿಗೆ ಒಂದು ಸಮಯದಲ್ಲಿ ಒಂದೇ ಮೂಲ.

ಈ ಪೆಟ್ಟಿಗೆ ಹೇಳಿದ್ದನ್ನು ಮಾಡುವ ಆಳು. ಅದಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಆದುದರಿಂದ ಅದರ ನಿಯಂತ್ರಣ ವ್ಯವಸ್ಥೆಗೆ ಮೊದಲೇ ಮೂರು ಸಂಗತಿ ತಿಳಿಸಿಡಬೇಕು. ಮೊದಲನೆಯದು ಹೆಸರು: ಮೂರನೆಯ ಮೂಲವೆಂದರೆ ವೇದಿಕೆಯ ಕ್ಯಾಮೆರಾ, ಐದನೆಯ ಗುರಿಯೆಂದರೆ ಊಟದ ಮನೆ ಎಂದು. ಎರಡನೆಯದು ಪದರ: ಚಿತ್ರಕ್ಕೊಂದು ಪದರ, ಧ್ವನಿಗೊಂದು. ಎರಡನ್ನೂ ಜೊತೆಗೂಡಿಸಿದರೆ ಒಂದೇ ಗುಂಡಿಗೆ ಎರಡೂ ಹೊರಳುತ್ತವೆ. ಬಿಡಿಯಾಗಿಟ್ಟರೆ ಚಿತ್ರ ಒಂದು ಕಡೆಯದು, ಧ್ವನಿ ಇನ್ನೊಂದು ಕಡೆಯದು ಆಗಬಲ್ಲದು. ನಮ್ಮಲ್ಲಿ ಆದದ್ದು ಇದೇ. ಮೂರನೆಯದು ಬೀಗ: ಪ್ರಸಾರವಾಗುತ್ತಿರುವಾಗ ಬೇರೊಬ್ಬರು ಗುಂಡಿಯೊತ್ತಿ ದಾರಿ ಬದಲಿಸದಂತೆ ಕಟ್ಟು.

ಹಾಗೆಂದು ಚಿತ್ರವನ್ನೂ ಧ್ವನಿಯನ್ನೂ ಬೇರ್ಪಡಿಸುವುದೇ ದೋಷವೆಂದು ತಿಳಿಯಬಾರದು. ಅದರ ಪ್ರಯೋಜನಕ್ಕೆ ನಮ್ಮ ಅಹಮದಾಬಾದೇ ಸಾಕ್ಷಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಸಂಸ್ಥೆಯು ಅಮೆರಿಕದ ನಾಸಾದವರ ಎಟಿಎಸ್-6 ಉಪಗ್ರಹದ ಮೂಲಕ 'ಸೈಟ್' ಎಂಬ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದುವು. ಕರ್ನಾಟಕದ ಪಾಲಿಗೆ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ಸಂಕೇತವು ಸುಮಾರು 36,000 ಕಿಲೋಮೀಟರು ಮೇಲೇರಿ, ಹಳ್ಳಿಯಲ್ಲಿ ನಿಲ್ಲಿಸಿದ್ದ ಮೂರು ಮೀಟರಿನ ತಂತಿಬಲೆಯ ಬಟ್ಟಲಿಗೆ ಇಳಿಯುತ್ತಿತ್ತು. ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಕಳಿಸುವ ಏರ್ಪಾಡು ಅದರಲ್ಲಿತ್ತು. ಒಂದೇ ಚಿತ್ರವನ್ನು ಎರಡು ಭಾಷೆಯ ಜನ ತಂತಮ್ಮ ಮಾತಿನಲ್ಲಿ ಕೇಳಲು ಸಾಧ್ಯವಾದದ್ದು ಹೀಗೆ. ಅಂಥಲ್ಲಿ ಧ್ವನಿಯ ದಾರಿ ತಪ್ಪಿದರೆ ಬಿಜಾಪುರದ ರೈತ ಬಿತ್ತನೆಯ ಪಾಠವನ್ನು ಕಣ್ಣಿಂದ ನೋಡಿಯೂ ಕಿವಿಯಿಂದ ಕಳೆದುಕೊಳ್ಳುತ್ತಾನೆ. ಗುಜರಾತಿನಿಂದ ಕನ್ನಡ ನಾಡಿಗೆ ಕನ್ನಡವನ್ನೇ ತಲುಪಿಸಬೇಕಾಗಿದ್ದ ಕೆಲಸವದು.

ನಮ್ಮ ಮೂರೂ ಊರುಗಳ ತರುಣರಿಗೆ ಒಂದು ಮಾತು. ಮುಂದಿನ ಸಮಾರಂಭಕ್ಕೆ ಮುನ್ನ ಒಂದು ಹಾಳೆಯಲ್ಲಿ ಮೂಲ, ಗುರಿ, ಚಿತ್ರ, ಧ್ವನಿ ಎಂದು ನಾಲ್ಕು ಕಾಲಂ ಎಳೆದು ತುಂಬಿ. ಆ ಪ್ರಕಾರ ಯಂತ್ರಕ್ಕೆ ತಿಳಿಸಿ, ಅದರ ಪ್ರತಿಯೊಂದನ್ನು ತೆಗೆದಿಡಿ. ಬಳಿಕ ಒಬ್ಬರು ಗುಂಡಿಯ ಬಳಿ ನಿಲ್ಲಿ, ಇನ್ನೊಬ್ಬರು ಪ್ರತಿ ಪರದೆಯ ಮುಂದೆ ಹೋಗಿ ನೋಡಿ. ನೋಡಿದರೆ ಸಾಲದು, ಕೇಳಿ. ಕಡೆಗೆ ಬೀಗ ಹಾಕಿ, ಅದನ್ನು ತೆಗೆಯುವ ಅಧಿಕಾರ ಒಬ್ಬರಿಗೇ ಇರಲಿ.

ಅರ್ಧ ಗಂಟೆಯ ಕೆಲಸ. ಆ ಅಜ್ಜಿ ಈ ವರ್ಷವೂ ಬರುವರಂತೆ.