ನೀವು ಬಾಡಿಗೆದಾರರಲ್ಲ

ಮುಂಬೈ, ಪುಣೆಯಲ್ಲಿ ಮನೆ ಹಿಡಿದ ಕನ್ನಡಿಗರು 'ಬಾಡಿಗೆ ಕರಾರು ಆಯ್ತು' ಅನ್ನುತ್ತಾರೆ. ಅನುವಾದಕ್ಕೆ ನನ್ನ ಕೈಗೆ ಬರುವ ಕಾಗದದ ಮೇಲಿರುವುದು ಮಾತ್ರ 'ಲೀವ್ ಅಂಡ್ ಲೈಸೆನ್ಸ್'. ಎರಡೂ ಒಂದೇ ಅಲ್ಲವೇ ಎಂದು ಕೇಳುವವರಿಗೆ ನನ್ನ ಉತ್ತರ: ಖಂಡಿತ ಅಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಲೀಸ್, ಮನೆಯನ್ನು ಅನುಭವಿಸುವ ಹಕ್ಕನ್ನು ನಿಮಗೆ ದಾಟಿಸುತ್ತದೆ. ಅದೇ ವರ್ಷದ ಈಸ್‌ಮೆಂಟ್ ಕಾಯ್ದೆಯ ಲೈಸೆನ್ಸ್ ಏನನ್ನೂ ದಾಟಿಸದು. ಅದು ಬರೀ ಅಪ್ಪಣೆ. (ದೊಡ್ಡ ಗಂಟು ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವ ಬೆಂಗಳೂರಿನ 'ಲೀಸು' ಬೇರೆಯೇ ಕತೆ.)

ಕಾಗದದ ಹೆಸರಿಗಿಂತ ತಿರುಳು ಮುಖ್ಯವೆಂದು ಸುಪ್ರೀಂ ಕೋರ್ಟ್ 1959ರಲ್ಲೇ, ಅಸೋಸಿಯೇಟೆಡ್ ಹೋಟೆಲ್ಸ್ ಮೊಕದ್ದಮೆಯಲ್ಲಿ ಹೇಳಿತ್ತು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 24ನೇ ಕಲಮು ಅದನ್ನು ತಿರುಗಿಸಿ ಹಾಕಿತು: ವಾಸದ ಮನೆಗೆ ಲಿಖಿತ ಲೈಸೆನ್ಸ್ ಇದ್ದರೆ ಅದರಲ್ಲಿ ಬರೆದದ್ದೇ ನಿರ್ಣಾಯಕ ಸಾಕ್ಷ್ಯ. ನೀವು ಒಲೆ ಹೂಡಿ, ಮಕ್ಕಳನ್ನು ಶಾಲೆಗೆ ಸೇರಿಸಿ, ಬೀಗದ ಕೈ ಇಟ್ಟುಕೊಂಡು ಬಾಳುತ್ತಿದ್ದರೂ ಕಾನೂನಿನ ಕಣ್ಣಿಗೆ ಅಪ್ಪಣೆಯ ಮೇಲಿರುವ ಅತಿಥಿ. ಅವಧಿ ಮೀರಿ ಕೂತರೆ ದುಪ್ಪಟ್ಟು ದರ. ಹಳೆಯ ಕಾಯ್ದೆಯಡಿ ತಲೆಮಾರುಗಟ್ಟಲೆ ಬಿಡದ ಮನೆಗಳನ್ನು ಕಂಡ ಮಾಲೀಕರ ಅಂಜಿಕೆ ಸುಳ್ಳಲ್ಲ, ಒಪ್ಪುತ್ತೇನೆ. ದಂಡ ತೆರುವವರು ಮಾತ್ರ ನಿನ್ನೆ ಊರಿಗೆ ಬಂದವರು.

ಆದ್ದರಿಂದ ಕನ್ನಡದಲ್ಲಿ ಅದನ್ನು 'ವಾಸದ ಅನುಮತಿ ಪತ್ರ' ಎಂದೇ ಬರೆಯಬೇಕು. ಓದಿದವರಿಗೆ ಒಮ್ಮೆ ಚುಚ್ಚಲಿ.

11 ತಿಂಗಳಿಗೆ ನೋಂದಣಿ ಬೇಡವೆನ್ನುವ ಬೇರೆ ಊರುಗಳ ಲೆಕ್ಕ ಮಹಾರಾಷ್ಟ್ರದಲ್ಲಿ ನಡೆಯದು. 55ನೇ ಕಲಮಿನಂತೆ ಅವಧಿ ಎಷ್ಟೇ ಇರಲಿ, ನೋಂದಣಿ ಕಡ್ಡಾಯ, ಹೊಣೆ ಮಾಲೀಕರದು. ಅವರು ಮಾಡಿಸದಿದ್ದರೆ, ಷರತ್ತುಗಳ ಬಗ್ಗೆ ನಿಮ್ಮ ಮಾತೇ ನಿಲ್ಲುತ್ತದೆ, ಅದು ಸುಳ್ಳೆಂದು ಸಾಬೀತಾಗುವವರೆಗೆ.