ಮಳೆಯ ಲೆಕ್ಕ ಯುವಜನರ ಕೈಗೆ ಬರಲಿ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಖುಷ್ಕಿ ಬೇಸಾಯವು ಮಳೆಯನ್ನೇ ನಂಬಿದೆ. ಮುಂಗಾರು ತಡವಾಗುವುದು, ಕಡಲೆಕಾಯಿ ಕಾಯಿ ಕಟ್ಟುವ ಕಾಲಕ್ಕೆ ಮಳೆ ಕೈಕೊಡುವುದು ತಮಗೆ ಹೊಸತಲ್ಲ.

ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯಲ್ಲಿ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವು, 2011ರಲ್ಲಿ ಆರಂಭವಾದ ನಿಕ್ರಾ ಯೋಜನೆಯಡಿ ಕೃಷಿ ಹೊಂಡ, ಬರ ತಡೆಯುವ ಎಂ.ಎಲ್. 365 ರಾಗಿ ತಳಿ ಮುಂತಾದವನ್ನು ರೈತರ ಹೊಲದಲ್ಲೇ ಮಾಡಿ ತೋರಿಸಿತು. ಇಂತಹ ಕೆಲಸ ಹಳ್ಳಿಹಳ್ಳಿಗೂ ಹರಡಬೇಕಾದರೆ ನಮ್ಮಂತಹ ವಿಜ್ಞಾನಿಗಳಷ್ಟೇ ಸಾಲರು. ಊರಿನ ಯುವಕ ಯುವತಿಯರೇ ಮುಂದಾಳುಗಳಾಗಬೇಕು ಎಂಬುದು ನನ್ನ ಅಭಿಪ್ರಾಯ.

ಅದಕ್ಕೆ ಎರಡು ದಿನದ ತರಬೇತಿ, ಒಂದು ಪ್ರಮಾಣಪತ್ರ ಸಾಲದು. ಒಂದು ಬೆಳೆಗಾಲ ಪೂರ್ತಿ ಅವರು ಮಳೆಮಾಪಕ ಓದಬೇಕು, ತಿಂಗಳಿಗೊಮ್ಮೆ ಬಾವಿಯ ನೀರಿನ ಮಟ್ಟ ಅಳೆಯಬೇಕು, ಅದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು. 1 ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು, 20 ಮಿ.ಮೀ. ಬಿದ್ದರೆ 80,000 ಲೀಟರ್. ಈ ಲೆಕ್ಕ ತಿಳಿದವರಿಗೆ ಬದುವಿನ ಬೆಲೆ ಬೇರೆ ಹೇಳಬೇಕಾಗಿಲ್ಲ.

ಕಲಿತ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ, ತರಬೇತಿ ವ್ಯರ್ಥ ಎನ್ನುವಿರಿ. ದುಡಿಮೆಗೆ ಕೂಲಿ, ಮಾತಿಗೆ ಮನ್ನಣೆ ಇಲ್ಲದ ಕಡೆ ಯಾರು ತಾನೇ ಉಳಿದಾರು? ಪಂಚಾಯಿತಿಯು ಅವರಿಗೆ ಗೌರವಧನ ಕೊಡಲಿ. ಬಿತ್ತನೆಗೆ ಮುನ್ನ ಗ್ರಾಮಸಭೆಯು ಅವರ ಲೆಕ್ಕವನ್ನು ಕೇಳಲಿ. ತಾವೂ ಬರುವ ಮುಂಗಾರಿನಲ್ಲಿ ಒಂದೆಕರೆಗೆ ಏನು, ಯಾವಾಗ ಬಿತ್ತಬೇಕೆಂಬ ತೀರ್ಮಾನವನ್ನು ಮಗನಿಗೋ ಮಗಳಿಗೋ ಬಿಟ್ಟುಕೊಡಿ. ತಪ್ಪಿದರೆ ಗದರಿಸದೆ, ಏಕೆ ತಪ್ಪಿತೆಂದು ಜೊತೆಗೆ ಕುಳಿತು ನೋಡಿ.